ಕಹಿಯಾದ ವಿಭೂತಿ

"ಒಳೀಕೆ ಬರಂಗಿಲ್ಲ ಕಣಪ್ಪ. ಮನೇಲಿ ಅಮ್ಮ ಆಡ್ತಾ ಅವ್ಳೆ."

ಹೊಸ್ತಿಲಿಗೆ ಅಡ್ಡ ನಿಂತು ಜಗದಾಂಬ ಹೇಳಿದ್ದು ಇಷ್ಟೇ. ಅವಳ ತಲೆಯ ಮೇಲೆ ಬೇವಿನ ತೋರಣ ಒಣಗಿ ಮುದುರಿಕೊಂಡಿತ್ತು. ಮಟಮಟ ಮಧ್ಯಾಹ್ನ. ಮಧುಗಿರಿಯ ಬೆಟ್ಟ ಬೆಳಗಿನಿಂದ ಕುಡಿದ ಬಿಸಿಲನ್ನೆಲ್ಲ ಈಗ ಪೇಟೆಯ ಮೇಲೆ ಕಕ್ಕುತ್ತಿತ್ತು. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಈ ಹೊತ್ತಿನಲ್ಲಿ ಈ ಮನೆಯ ಮುಂದೆ ಹಾದುಹೋದರೆ ಒಳಗಿನಿಂದ ಸತ್ತವಳ ಕಾಲುಂಗುರದ ಸದ್ದು ಕೇಳಿಸುತ್ತದೆ ಎಂದು ಪೇಟೆಯೆಲ್ಲ ನಂಬಿತ್ತು.

ಸತ್ತವಳು ಶಿವರುದ್ರಮ್ಮ, ಹುಣಸೆಹಣ್ಣಿನ ವ್ಯಾಪಾರಿ ನಂದೀಶ್ವರಯ್ಯನ ಮೊದಲ ಹೆಂಡತಿ. ಎರಡು ವರ್ಷದ ಕೆಳಗೆ ಮೈಯೆಲ್ಲ ಬೊಕ್ಕೆಯೆದ್ದು ತೀರಿಕೊಂಡಳು. ಆಮೇಲೆ ಅವಳ ತಂಗಿ ಸರೋಜಮ್ಮನನ್ನೇ ಮನೆ ತುಂಬಿಸಿಕೊಂಡರು. ಈಗ ತಂಗಿಯ ಮೈಯಲ್ಲೂ ಅದೇ ಬೊಕ್ಕೆ. ಅಕ್ಕನೇ ಬಂದು ತಂಗಿಯನ್ನು ಕರೆದುಕೊಂಡು ಹೋಗುತ್ತಿದ್ದಾಳೆ ಎಂದು ಊರು ತೀರ್ಮಾನ ಕೊಟ್ಟಾಗಿತ್ತು. ಊರಿನ ತೀರ್ಮಾನಕ್ಕೆ ಸಾಕ್ಷಿ ಪುರಾವೆ ಬೇಕಿಲ್ಲವಲ್ಲ!

ಆದರೆ ಪತ್ತೇದಾರ ಪರ್ವತಯ್ಯನಿಗೆ ಬೇಕಿತ್ತು. ಅವನನ್ನು ಕರೆಸಿದವನು ಆ ಇಬ್ಬರು ಹೆಣ್ಣುಮಕ್ಕಳ ಚಿಕ್ಕಪ್ಪ, ಶಿರಾ ಸೀಮೆಯ ಪಟ್ಟನಾಯಕನಹಳ್ಳಿಯ ಶಂಕರಲಿಂಗಪ್ಪ. "ದೊಡ್ಡ ಮಗೀನ ಆ ಜಗದಾಂಬ ವಿಷ ಹಾಕಿ ಕೊಂದ್ಲು. ಈಗ ಚಿಕ್ಕದಕ್ಕೂ ಕೈ ಹಾಕವ್ಳೆ" ಎಂದು ಅತ್ತಿದ್ದ. ಜಗದಾಂಬ ನಂದೀಶ್ವರಯ್ಯನ ಅಕ್ಕ. ಗಂಡ ಸತ್ತ ಮೇಲೆ ತಮ್ಮನ ಮನೆಯ ಯಜಮಾನಿಕೆ ಅವಳದೇ. ತಮ್ಮನಿಗೆ ಇಬ್ಬರು ಹೆಂಡಿರು ಬಂದರೂ ಬೀಗದ ಕೈ ಮಾತ್ರ ಅವಳ ಸೊಂಟ ಬಿಟ್ಟು ಇಳಿದಿರಲಿಲ್ಲ.

ಪರ್ವತಯ್ಯ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಮುಖವನ್ನು ಬಿಸಿಲಿಗೆ ಹಿಡಿದ. ಹಣೆಯಿಂದ ಗಲ್ಲದವರೆಗೆ ಸಿಡುಬಿನ ಕುಳಿ. ಹಿಂದೆ ಪೊಲೀಸಿನಲ್ಲಿದ್ದಾಗ ಕಳ್ಳರು ಹೆದರುತ್ತಿದ್ದದ್ದು ಅವನ ಲಾಠಿಗಲ್ಲ, ಈ ಮುಖಕ್ಕೆ.

"ನೋಡಮ್ಮ, ಅಮ್ಮ ಆಡಿ ಹೋಗಿರೋ ಅಂಗಳ ಇದು. ನನ್ನ ತಡುದ್ರೆ ಅವಳ್ನೇ ತಡುದಂಗೆ."

ಜಗದಾಂಬ ಆ ಮುಖವನ್ನು ದಿಟ್ಟಿಸಿದಳು. ಅಮ್ಮ ಒಮ್ಮೆ ಮುಟ್ಟಿದವನನ್ನು ಅಮ್ಮನ ಮನೆಯಿಂದ ಆಚೆ ನಿಲ್ಲಿಸುವ ಹಾಗಿಲ್ಲ.

"ಈಕೆ?" ಎಂದಳು, ಅವನ ಹಿಂದೆ ನಿಂತಿದ್ದ ಡಾಕ್ಟರ್ ಅಶ್ವತ್ಥಮ್ಮನ ಕಡೆ ಗಲ್ಲ ಎತ್ತಿ.

"ನನ್ನ ರೋಗಿ ಒಳಗಿದ್ದಾಳೆ. ನಾನು ನೋಡದೆ ಹೋಗಲ್ಲ" ಎಂದಳು ಡಾಕ್ಟರಮ್ಮ. ಪೇಟೆಯ ತುದಿಯಲ್ಲಿ ಸ್ವಂತ ಔಷಧಾಲಯ ಇಟ್ಟುಕೊಂಡಿದ್ದ ಆಕೆಯ ಮಾತು ಚುರುಕು, ಮೂಗಿನ ತುದಿಯಲ್ಲೇ ಕೋಪ.

"ಅಂಗಾದ್ರೆ ಹಿತ್ತಲಿಂದ ಬನ್ನಿ. ಬಚ್ಚಲಲ್ಲಿ ಕಾಲು ತೊಳ್ಕಂಡು. ಆ ಔಷಧಿ ಪೆಟ್ಟಿಗೆ ಅಲ್ಲೇ ಇರ್ಲಿ. ಅಮ್ಮನ ಮುಂದೆ ಔಷಧಿ ಬರಬಾರ್ದು."

ಒಳಗೆ ಕತ್ತಲು. ಒಗ್ಗರಣೆಯ ವಾಸನೆಯಿಲ್ಲದ ಮನೆ. ಅಮ್ಮ ಬಂದಾಗ ಒಲೆಯ ಮೇಲೆ ಸಾಸಿವೆ ಸಿಡಿಯುವ ಹಾಗಿಲ್ಲ, ಯಾರೂ ಜೋರಾಗಿ ಮಾತಾಡುವ ಹಾಗಿಲ್ಲ. ಬೇವಿನ ಘಾಟಿನ ಕೆಳಗೆ ಇನ್ನೊಂದು ವಾಸನೆಯಿತ್ತು. ಪರ್ವತಯ್ಯನಿಗೆ ಅದು ಗೊತ್ತಿತ್ತು. ಚಿಕ್ಕಂದಿನಲ್ಲಿ ಕೊರಟಗೆರೆಯ ಮನೆಯಲ್ಲಿ ಅವನೂ ಅವನ ತಂಗಿಯೂ ಹೀಗೇ ಒಂದೇ ಚಾಪೆಯ ಮೇಲೆ ಮಲಗಿದ್ದರು. ಎದ್ದವನು ಅವನೊಬ್ಬನೇ. ಆ ವಾಸನೆ ಮೂಗಿಗೆ ಬಿದ್ದಾಗಲೆಲ್ಲ ಅವನಿಗೆ ಬದುಕಿದ್ದಕ್ಕೆ ನಾಚಿಕೆಯಾಗುತ್ತಿತ್ತು.

ಮೂಲೆಯಲ್ಲಿ ಬೇವಿನ ಎಲೆಯ ಮೇಲೆ ಸರೋಜಮ್ಮ ಮಲಗಿದ್ದಳು. ಇನ್ನೂ ಇಪ್ಪತ್ತು ದಾಟದ ಹುಡುಗಿ. ಕೊರಳಲ್ಲಿ ತಾಳಿಯ ಪಕ್ಕ ಇನ್ನೊಂದು ಪುಟ್ಟ ಬಿಲ್ಲೆ: ಸವತಿ ತಾಳಿ. ಸತ್ತ ಮೊದಲ ಹೆಂಡತಿ ಕಾಡದಿರಲೆಂದು ಎರಡನೆಯವಳ ಕೊರಳಿಗೆ ಕಟ್ಟುವಂಥದ್ದು. ಇಲ್ಲಿ ಸವತಿಯೇ ಅಕ್ಕ.

ಸರೋಜಮ್ಮ ಗೋಡೆಯ ಕಡೆ ತಿರುಗಿ ಯಾರಿಗೋ ಹೇಳುತ್ತಿದ್ದಳು.

"ತಡಿ ಅಕ್ಕ... ಬತ್ತೀನಿ ತಡಿ..."

ಗೋಡೆಯ ಹತ್ತಿರ ಯಾರೂ ಇರಲಿಲ್ಲ. ಆದರೂ ಪರ್ವತಯ್ಯ ಆ ಜಾಗವನ್ನು ಬಳಸಿಕೊಂಡೇ ನಡೆದ.

ಡಾಕ್ಟರಮ್ಮ ಕೂತು ಬಟ್ಟೆ ಸರಿಸಿ ನೋಡಿದಳು. ಕಣ್ಣಿನ ರೆಪ್ಪೆ ಕೀವುಗಟ್ಟಿ ಅಂಟಿಕೊಂಡಿತ್ತು. ತುಟಿ ಕಪ್ಪಗೆ ಒಡೆದು, ಬಾಯೊಳಗೆಲ್ಲ ಹುಣ್ಣು. ಎದೆಯ ಮೇಲೆ ನಡುವೆ ಕಂದಿ ಸುತ್ತ ಕೆಂಪಗಾದ ಉಂಗುರಗಳು. ಹೆಗಲಿನ ಮೇಲೆ ಬೆರಳಿನಿಂದ ಮೆಲ್ಲಗೆ ಒತ್ತಿ ಸರಿಸಿದಳು ಅಷ್ಟೇ, ಚರ್ಮ ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗೆ ಜಾರಿ ಬಂತು. ಸರೋಜಮ್ಮ ನರಳಿದಳು.

"ಪರ್ವತಯ್ಯನವರೇ, ಮುಟ್ಟಿ ನೋಡಿ. ನಿಮಗೆ ಗೊತ್ತಾಗುತ್ತೆ."

ಅವನು ಬೆರಳಿಟ್ಟ. ಸಿಡುಬಿನಲ್ಲಿ ಅವನ ಮೈಮೇಲೆ ಎದ್ದಿದ್ದ ಬೊಕ್ಕೆಗಳು ಹೆಸರುಕಾಳಿನಷ್ಟು ಗಟ್ಟಿಯಾಗಿದ್ದವು, ಚರ್ಮದೊಳಗೆ ಬೇರೂರಿದ್ದವು. ಮೊದಲು ಮುಖ, ಆಮೇಲೆ ಕೈಕಾಲು. ಬೊಕ್ಕೆ ಎದ್ದ ಮೇಲೆ ಒಂದೆರಡು ದಿನ ಜ್ವರ ಇಳಿದಿತ್ತೆಂದು ಅವನ ತಾಯಿ ಹೇಳುತ್ತಿದ್ದಳು. ಇದು ಹಾಗಲ್ಲ. ನೀರು ತುಂಬಿದ ಜೊಳ್ಳು ಗುಳ್ಳೆ. ಬೆಂಕಿಯಲ್ಲಿ ಸುಟ್ಟ ಗಾಯದಂತೆ.

"ಇದು ಅಮ್ಮ ಅಲ್ಲ" ಎಂದ ಪರ್ವತಯ್ಯ.

ಜಗದಾಂಬ ಕಿವಿ ಮುಚ್ಚಿಕೊಂಡಳು. "ಬಿಡ್ತು ಅನ್ನಿ! ಅವ್ಳು ಕೇಳಿಸ್ಕಂಬುಟ್ರೆ?"

"ಅಲ್ಲಮ್ಮ" ಎಂದಳು ಡಾಕ್ಟರಮ್ಮ. "ಇದು ಔಷಧಿ ಮೈಗೆ ಒಗ್ಗದೇ ಆಗಿರೋದು. ಎದೆ ಕಟ್ಟಿ ಜ್ವರ ಬಂದಾಗ ನಾನೇ ಸಲ್ಫಾ ಮಾತ್ರೆ ಬರೆದುಕೊಟ್ಟೆ. ಯುದ್ಧಕಾಲದಲ್ಲಿ ಎಷ್ಟೋ ಜೀವ ಉಳಿಸಿದ ಮಾತ್ರೆ ಅದು. ಆದರೆ ಸಾವಿರದಲ್ಲಿ ಒಬ್ಬರ ಮೈ ಅದನ್ನು ಶತ್ರು ಅಂದುಕೊಂಡು ಮೈಮೇಲೆ ಬೀಳುತ್ತೆ. ಹಾಗಾಗಿ ಕೊಡೋ ಮೊದಲೇ ನಿಮ್ಮನ್ನು ಕೇಳಿದ್ದೆ. ಈ ಹುಡುಗಿಗಾಗಲಿ, ತವರಿನವರಿಗಾಗಲಿ, ಮಾತ್ರೆ ತಗೊಂಡು ಏನಾದರೂ ಕಾಯಿಲೆ ಆಗಿತ್ತಾ ಅಂತ. ನೀವೇನಂದ್ರಿ?"

"ಇಲ್ಲ ಅಂದೆ."

"ಇವಳ ಅಕ್ಕನಿಗೆ ಹೀಗೇ ಆಗಿತ್ತಂತಲ್ಲ! ಪೇಟೆಯವರು ಹೇಳ್ತಾರೆ, ಅವಳಿಗೂ ಬೆನ್ನುಫಣಿ ಹುಣ್ಣಿಗೆ ಬೆಂಗಳೂರಿನ ಯಾವುದೋ ಡಾಕ್ಟರು ಇದೇ ಮಾತ್ರೆ ಕೊಟ್ಟಿದ್ದರಂತೆ! ಯಾಕಮ್ಮ ಹೇಳಲಿಲ್ಲ?"

ಜಗದಾಂಬ ನಿಜಕ್ಕೂ ಬೆರಗಾಗಿ ನೋಡಿದಳು.

"ನೀವು ಕಾಯಿಲೆ ಅಂತ ಕೇಳುದ್ರಿ. ಶಿವರುದ್ರಿಗೆ ಬಂದಿದ್ದು ಅಮ್ಮ. ಅಮ್ಮ ಬರೋದು ಕಾಯಿಲೇನಾ? ಅದು ಕಾಯಿಲೆ ಅಂದ್ರೆ ನಾಲಿಗೆ ಹುಳ ಬೀಳಕಿಲ್ವಾ?"

ಡಾಕ್ಟರಮ್ಮ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಳು, ಈ ಮನೆಯವರು ನಿಜವನ್ನೇ ಹೇಳಿದ್ದರು. ನಡುವೆ ಒಂದು ಪದ ಕಾಲು ಜಾರಿ ಬಿದ್ದಿತ್ತು, ಅದರ ಕೆಳಗೆ ಒಂದು ಜೀವ ಸಿಕ್ಕಿಕೊಂಡಿತ್ತು.

"ಈಗಲಾದರೂ ಮಾತ್ರೆ ನಿಲ್ಲಿಸಿದ್ದೀರಾ?"

"ಅಮ್ಮ ಬಂದ ದಿನವೇ ನಿಲ್ಸುದ್ವಿ. ಬಾಯಿ ಹುಣ್ಣಾಯ್ತು, ಕಣ್ಣು ಕೆಂಪಾಯ್ತು, ಜ್ವರ ತಿರುಗ ಏರ್ತು. ಆವತ್ತೇ ತೋರಣ ಕಟ್ಟುದ್ವಿ. ಅವತ್ತಿಂದ ಬರೀ ಬೇವು, ಮಜ್ಜಿಗೆ, ಎಳನೀರು. ದೇವ್ರಾಣೆ."

ಡಾಕ್ಟರಮ್ಮ ಸರೋಜಮ್ಮನ ತೊಡೆಯ ಮೇಲಿನ ಬಟ್ಟೆ ಎತ್ತಿ ಪರ್ವತಯ್ಯನಿಗೆ ಕಾಣದಂತೆ ಮರೆ ಮಾಡಿಕೊಂಡು ನೋಡಿದಳು. ಮುಖ ಸುಕ್ಕಾಯಿತು.

"ನಿಲ್ಲಿಸಿದ ಮೇಲೂ ಎರಡು ಮೂರು ದಿನ ಏರೋದುಂಟು. ತೋರಣ ನೋಡಿದರೆ ವಾರ ದಾಟಿದೆ. ಇಷ್ಟು ಹೊತ್ತಿಗೆ ಇಳಿಮುಖ ಆಗಬೇಕಿತ್ತು. ಇಲ್ಲಿ ಇವತ್ತು ಹೊಸದಾಗಿ ಕೆಂಪೆದ್ದಿದೆ." ಅವಳು ಎದ್ದು ನಿಂತು ಪರ್ವತಯ್ಯನ ಹತ್ತಿರ ಬಂದು ದನಿ ತಗ್ಗಿಸಿದಳು. "ಯಾರೋ ಇನ್ನೂ ಕೊಡ್ತಾ ಇದ್ದಾರೆ. ಇನ್ನೊಂದು ಸಲ ಹೊಟ್ಟೆಗೆ ಹೋದರೆ ನನ್ನ ಕೈಲಿ ಏನೂ ಆಗಲ್ಲ."

ಪರ್ವತಯ್ಯ ಕಣ್ಣಾಡಿಸಿದ. ಹುಡುಗಿಯ ತಲೆಯ ಹತ್ತಿರ ಇದ್ದದ್ದು ಮೂರೇ ವಸ್ತು. ಮಜ್ಜಿಗೆಯ ಕುಡಿಕೆ, ಗೂಡಿನಲ್ಲಿ ಹಿತ್ತಾಳೆಯ ಗಿಂಡಿ, ಹಣೆಗೂ ಬಾಯಿಗೂ ಇಡುವ ವಿಭೂತಿಯ ಬಟ್ಟಲು.

ಅವನು ಬಟ್ಟಲಿಗೆ ಬೆರಳದ್ದಿ ನಾಲಿಗೆಗೆ ತಾಕಿಸಿದ. ತಕ್ಷಣ ಹಿತ್ತಲಿಗೆ ಹೋಗಿ ಉಗಿದು ಬಂದ.

"ವಿಭೂತಿ ಕಹಿ ಇರುತ್ತೇನಮ್ಮ?"

"ಅಮ್ಮನ ಮನೇಲಿ ಎಲ್ಲಾನೂ ಕಹಿನೇ ಕಣಪ್ಪ. ಎತ್ತ ನೋಡುದ್ರೂ ಬೇವು." ಆಮೇಲೆ ಅವನ ನೋಟದ ಅರ್ಥ ಜಗದಾಂಬನಿಗೆ ಹೊಳೆಯಿತು. ಅವಳ ಮುಖ ಕೆಂಪಾಯಿತು. "ಓ! ಆ ಶಂಕರಲಿಂಗಪ್ಪ ನಿನ್ ಕಿವೀಲಿ ಊದಿರೋದು ಇದೇನಾ? ನಾನು ವಿಷ ಹಾಕಿವ್ನಾ? ನೋಡು ಇಲ್ಲಿ!"

ತಡೆಯುವುದರೊಳಗೆ ಬಟ್ಟಲಿನಿಂದ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು ನುಂಗಿದಳು.

"ದಿನಾ ತಿಂತೀನಿ. ನಂಗೇನಾಗೈತೆ? ವಿಷ ಆಗಿದ್ರೆ ನಾನು ಇಷ್ಟೊತ್ಗೆ ಮಣ್ಣು ಸೇರ್ತಿರ್ಲಿಲ್ವಾ?"

"ನಿಮಗೆ ಏನೂ ಆಗಲ್ಲಮ್ಮ" ಎಂದಳು ಡಾಕ್ಟರಮ್ಮ. "ನನಗೂ ಆಗಲ್ಲ. ಈ ಪೇಟೆಯವರಿಗೆಲ್ಲ ಹಂಚಿದರೂ ಆಗಲ್ಲ. ಇದು ವಿಷ ಆಗೋದು ಈ ಮನೆಯಲ್ಲಿ ಇವಳೊಬ್ಬಳಿಗೆ."

ಪೊಲೀಸಿನಲ್ಲಿದ್ದಾಗ ಪರ್ವತಯ್ಯ ಪಾಷಾಣ ಕಂಡಿದ್ದ, ಉಮ್ಮತ್ತಿ ಬೀಜ ಕಂಡಿದ್ದ. ನಾಯಿಗೆ ಹಾಕಿ ನೋಡಿದರೆ ನಾಯಿ ಸಾಯುತ್ತಿತ್ತು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಎಲ್ಲರೆದುರು ತಿಂದು ಆಣೆ ಹಾಕಬಹುದಾದ ವಿಷವನ್ನು ಅವನು ಇವತ್ತೇ ಕಂಡದ್ದು.

ಡಾಕ್ಟರಮ್ಮ ಬಟ್ಟಲನ್ನು ಬೆಳಕಿಂಡಿಯ ಕೆಳಗೆ ಹಿಡಿದು ಪುಡಿಯನ್ನು ಕೆದಕಿದಳು. ಬೂದುಬಣ್ಣದ ನಡುವೆ ಅಚ್ಚ ಬಿಳಿಯ ಒಂದು ಚೂರು ಸಿಕ್ಕಿತು. ಒಂದು ಬದಿ ಒರಟು. ಇನ್ನೊಂದು ಬದಿ ದುಂಡಗೆ, ನಯವಾಗಿ.

"ಮಾತ್ರೆಯ ಅಂಚು" ಎಂದಳು. "ಅರೆದವರಿಗೆ ಅರೆಯೋದು ಅಭ್ಯಾಸವಿಲ್ಲ."

"ಈ ಬಟ್ಟಲು ತುಂಬೋದು ಯಾರು?" ಎಂದು ಕೇಳಿದ ಪರ್ವತಯ್ಯ.

ಮೊದಲ ಸಲ ಜಗದಾಂಬನ ಕಣ್ಣಿನಲ್ಲಿ ಹೆದರಿಕೆ ಕಾಣಿಸಿತು. ಅವಳು ನಡುಮನೆಯ ಬಾಗಿಲ ಕಡೆ ನೋಡಿದಳು.

ಬಾಗಿಲ ಹಿಂದಿನಿಂದ ನಂದೀಶ್ವರಯ್ಯ ಬಂದ. ಕುರುಚಲು ಗಡ್ಡ, ನಿದ್ದೆ ಕಾಣದ ಕಣ್ಣು. ನಲವತ್ತಕ್ಕೇ ಮುದುಕನ ಹಾಗೆ ಬಾಗಿದ್ದ.

"ನಾನೇ" ಎಂದ. "ಅಕ್ಕಯ್ಯನಿಗೆ ಗೊತ್ತಿಲ್ಲ. ಅವ್ರನ್ನೇನೂ ಅನ್ಬೇಡಿ."

"ಲೇ ನಂದೀಶ! ಏನ್ಲಾ ಇದು?"

"ಮತ್ತೇನ್ ಮಾಡ್ಲಿ ಅಕ್ಕಯ್ಯ? ಔಷಧಿ ಕೊಡ್ಬೇಡ ಅಂದ್ರಿ ನೀವು. ಶಿವರುದ್ರಿ ಸತ್ತಿದ್ದು ನೀವು ಔಷಧಿ ನಿಲ್ಸಿದ್ದಕ್ಕೇ. ಇವ್ಳನ್ನೂ ಅಂಗೇ ಕಳ್ಕಂಬೇಕಿತ್ತಾ?" ಅವನು ಹುಡುಗಿಯ ಕಡೆ ತಿರುಗಿದ. "ವಿಭೂತೀಲಿ ಬೆರೆಸಿಟ್ರೆ ಅಮ್ಮನಿಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ ಅಂತ..."

"ಮೊದಲನೆಯವರಿಗೂ ಹೀಗೇ ಬೆರೆಸಿ ಕೊಟ್ಟಿದ್ರಾ?" ಡಾಕ್ಟರಮ್ಮ ಕೇಳಿದಳು. ಈಗ ಅವಳ ದನಿಯಲ್ಲಿ ಚುರುಕು ಇರಲಿಲ್ಲ.

"ಮೊದ್ಲು ಕೊಡ್ಲಿಲ್ಲ ತಾಯಿ. ಅಕ್ಕಯ್ಯ ನಿಲ್ಸು ಅಂದ್ರು, ನಿಲ್ಸುದ್ವಿ. ಆಮೇಲೆ ಅವ್ಳೇ ಚೇತರಿಸ್ಕಂಡ್ಲು. ಕಣ್ಣು ಬಿಟ್ಲು, ಗಂಜಿ ಕೇಳುದ್ಲು. ತಣ್ಣೀರು ಹಾಕಿ ಅಮ್ಮನ್ನ ಕಳಿಸೋಣ ಅಂತ ಅಕ್ಕಯ್ಯ ದಿನ ನೋಡ್ತಿದ್ರು. ಬೆನ್ನಿನ ಹುಣ್ಣು ಇನ್ನೂ ಮಾಯ್ದಿರ್ಲಿಲ್ಲ. ಪೂರಾ ವಾಸಿಯಾಗ್ಲಿ ಅಂತ ಉಳಿದಿದ್ದ ಮಾತ್ರೆ ಪುಡಿ ಮಾಡಿ ವಿಭೂತೀಲಿ..."

ಡಾಕ್ಟರಮ್ಮ ನೆಲ ನೋಡುತ್ತಿದ್ದಳು. ಪರ್ವತಯ್ಯನೂ ನೆಲ ನೋಡುತ್ತಿದ್ದ.

"ಯಾಕೆ?" ಎಂದ ನಂದೀಶ್ವರಯ್ಯ. "ಯಾಕೆ ಯಾರೂ ಮಾತಾಡ್ತಿಲ್ಲ?"

ಹೇಳಲೇಬೇಕಿತ್ತು. ಇಲ್ಲವಾದರೆ ಅವನು ನಾಳೆ ಮತ್ತೆ ಅರೆಯುತ್ತಿದ್ದ. ಡಾಕ್ಟರಮ್ಮ ಮೆಲ್ಲಗೆ ಹೇಳಿದಳು. ಹೊಸ ಔಷಧಿ ಶುರುವಾದ ಮೇಲೆ ಇಳಿದ ಜ್ವರ ಮತ್ತೆ ಏರಿ, ಕಣ್ಣು ಕೆಂಪಾಗಿ, ಬಾಯಿ ಹುಣ್ಣಾಗಿ, ಮೈ ಉರಿದು ಗುಳ್ಳೆಯೆದ್ದರೆ ಆ ಔಷಧಿಯನ್ನು ಆ ಗಳಿಗೆಯಲ್ಲೇ ಬಿಡಬೇಕು. ಆಮೇಲೆ ಜನ್ಮದಲ್ಲಿ ಮುಟ್ಟಬಾರದು. ಎರಡನೇ ಸಲ ಮೈ ಕಾಯುವುದಿಲ್ಲ, ಮೊದಲಿಗಿಂತ ಬೇಗ, ಮೊದಲಿಗಿಂತ ಘೋರವಾಗಿ ತಿರುಗಿಬೀಳುತ್ತದೆ. ಒಡಹುಟ್ಟಿದವರ ಮೈಯೂ ಹಾಗೇ ಇರಬಹುದು.

"ನಿಮ್ಮ ಅಕ್ಕಯ್ಯ ಯಾವ ನಂಬಿಕೆಯಿಂದ ನಿಲ್ಲಿಸಿದರೋ ಏನೋ, ಆ ಜೀವ ಉಳೀತಿತ್ತು" ಎಂದಳು.

ನಂದೀಶ್ವರಯ್ಯ ಗೋಡೆಗೆ ಒರಗಿ ಹಾಗೇ ಕುಸಿದ.

"ಸಂಜೆ ಹೊತ್ತು ಬರ್ತಾಳೆ ಅವ್ಳು" ಎಂದ ಕೊನೆಗೆ. "ಹಿತ್ತಲ ಬಾಗಿಲಲ್ಲಿ ನಿಂತ್ಕಂಡು ಒಂದೇ ಮಾತು. 'ಯಾಕ್ರೀ ಅಂಗ್ ಮಾಡುದ್ರಿ?' ಅಂತ. ಔಷಧಿ ಯಾಕ್ ನಿಲ್ಸುದ್ರಿ ಅಂತ ಕೇಳ್ತಾವ್ಳೆ ಅನ್ಕಂಡಿದ್ದೆ ಎರಡು ವರ್ಷ. ಅದಕ್ಕೇ ಸರೋಜಿಗೆ ನಿಲ್ಸಬಾರ್ದು ಅಂತ..."

ಅವನು ಎರಡೂ ಕೈಯಿಂದ ತಲೆ ಹೊಡೆದುಕೊಳ್ಳತೊಡಗಿದ. ಜಗದಾಂಬ ಬಂದು ಆ ಕೈಗಳನ್ನು ಹಿಡಿದು ತಮ್ಮನ ತಲೆಯನ್ನು ಎದೆಗೆ ಒತ್ತಿಕೊಂಡಳು. ಬೀಗದ ಕೈಯ ಗೊಂಚಲು ನೆಲಕ್ಕೆ ಬಿತ್ತು. ಅವಳು ಎತ್ತಿಕೊಳ್ಳಲಿಲ್ಲ.

ಪರ್ವತಯ್ಯ ತಲೆಗೆ ವಸ್ತ್ರ ಸುತ್ತಿಕೊಂಡ. ಅವನ ಮಟ್ಟಿಗೆ ಕೆಲಸ ಮುಗಿದಿತ್ತು. ಕೊಲೆಗಾರನೂ ಇಲ್ಲ, ದೆವ್ವವೂ ಇಲ್ಲ. ಪ್ರೀತಿಯೊಂದು ಕಣ್ಣು ಕಾಣದೆ ನಡೆದಿತ್ತು ಅಷ್ಟೆ. ಇಂಥದ್ದಕ್ಕೆ ಯಾವ ಕೋರ್ಟಿನಲ್ಲಿ ಯಾವ ಕಲಮು ಹಾಕುತ್ತಾರೆ?

"ಅವ್ರು ಕೊಟ್ಟಿದ್ದು ನಾನು ನುಂಗಿಲ್ಲ."

ಎಲ್ಲರೂ ತಿರುಗಿದರು. ಸರೋಜಮ್ಮ ಮಾತಾಡಿದ್ದಳು. ರೆಪ್ಪೆ ಅಂಟಿದ ಮುಖ ಈಗ ಗೋಡೆಯ ಕಡೆ ಇರಲಿಲ್ಲ, ಇವರ ಕಡೆ ಇತ್ತು.

ಡಾಕ್ಟರಮ್ಮ ಓಡಿ ಹೋಗಿ ಪಕ್ಕದಲ್ಲಿ ಕೂತಳು. "ಏನಂದೆಯಮ್ಮ?"

"ಮೊದ್ಲು ಜ್ವರದಲ್ಲಿ ನುಂಗ್ದೆ. ಗೊತ್ತಾಗ್ಲಿಲ್ಲ. ಬಾಯಿ ಉರಿ ಬಂದಾಗ ಅಕ್ಕನ ಮಾತು ಗ್ಯಾಪ್ಕ ಬಂತು." ಒಂದೊಂದು ಮಾತಿಗೂ ತುಟಿ ಒಡೆದು ರಕ್ತ ಜಿನುಗುತ್ತಿತ್ತು. "ಆಮೇಲಿಂದ ಇವ್ರು ಬಾಯಿಗೆ ಹಾಕಿದ್ ಬೂದಿನೆಲ್ಲ ಬಟ್ಟೆಗೆ ಉಗುಳ್ತಿದ್ದೆ. ಒಂದ್ ಚಿಟ್ಕೆನೂ ಒಳಗೆ ಹೋಗಿಲ್ಲ."

ಅವಳ ತಲೆದಿಂಬಿನ ಕೆಳಗೆ ಪರ್ವತಯ್ಯ ಕೈ ಹಾಕಿದ. ಬಟ್ಟೆಯ ಉಂಡೆ ಸಿಕ್ಕಿತು. ಬಿಚ್ಚಿದರೆ ಬೂದಿ ಎಂಜಲಲ್ಲಿ ಕಲಸಿ ಒಣಗಿ ಹೆಕ್ಕಳೆಗಟ್ಟಿತ್ತು. ಹುಡುಗಿ ನಿಜ ಹೇಳುತ್ತಿದ್ದಳು.

"ಅಕ್ಕ ಏನು ಹೇಳಿದ್ದಳು ತಾಯಿ?"

"ಸಾಯೋ ಮುಂಚೆ ನಾನು ನೋಡಕ್ಕೆ ಬಂದಿದ್ದೆ. 'ನಿಮ್ಮ ಭಾವ ಕೊಡೋ ಬೂದಿ ನುಂಗ್ದಾಗ್ಲೆಲ್ಲ ಮೈ ಬೆಂಕಿ ಆಗ್ತದೆ ಕಣೇ, ಬೆಂಗಳೂರು ಮಾತ್ರೆ ನುಂಗ್ದಾಗ್ಲೂ ಇಂಗೇ ಆಗಿತ್ತು' ಅಂದ್ಲು. 'ನಮ್ಮ ರಕ್ತಕ್ಕೆ ಅದು ಆಗಲ್ಲ, ನೀನು ಯಾವತ್ತೂ ಮುಟ್ಟಬ್ಯಾಡ. ಭಾವಂಗೆ ಹೇಳಬ್ಯಾಡ. ಗೊತ್ತಾದ್ರೆ ಎದೆ ಒಡ್ಕಂಡು ಸಾಯ್ತಾರೆ' ಅಂದ್ಲು."

ನಂದೀಶ್ವರಯ್ಯನ ಬಾಯಿಂದ ಹೊರಟ ಸದ್ದು ಮನುಷ್ಯರದ್ದಾಗಿರಲಿಲ್ಲ. ಸತ್ತವಳು 'ಯಾಕ್ರೀ' ಎಂದು ಒಮ್ಮೆಯೂ ಕೇಳಿರಲಿಲ್ಲ. ಸಾಯುವಾಗಲೂ ಅವನನ್ನು ಮುಚ್ಚಿಟ್ಟು ಕಾಪಾಡಿದ್ದಳು.

ಪರ್ವತಯ್ಯನಿಗೆ ಅಳಲು ಪುರುಸೊತ್ತಿರಲಿಲ್ಲ. ಅವನ ತಲೆ ಓಡುತ್ತಿತ್ತು. ಮಾತ್ರೆ ನಿಲ್ಲಿಸಿದ್ದಾರೆ. ವಿಭೂತಿ ನುಂಗಿಲ್ಲ. ಆದರೂ ಇವತ್ತು ಹೊಸದಾಗಿ ಮೈ ಕೆಂಪೆದ್ದಿದೆ.

"ಮತ್ತೆ ಹೊಟ್ಟೆಗೆ ಏನು ಹೋಗಿದೆಯಮ್ಮ?"

"ಅತ್ತಿಗೆ ಕೊಟ್ಟ ಮಜ್ಜಿಗೆ, ಎಳನೀರು. ಆಮೇಲೆ ಬೇವಿನ ತೀರ್ಥ."

ಅವನು ಗೂಡಿನಲ್ಲಿದ್ದ ಗಿಂಡಿಯನ್ನು ತಂದು ಉಳಿದದ್ದನ್ನು ನಿಧಾನವಾಗಿ ಅಂಗೈಗೆ ಬಗ್ಗಿಸಿದ. ಹಸಿರು ನೀರು ಬೆರಳ ಸಂದಿಯಲ್ಲಿ ಸೋರಿಹೋಯಿತು. ಅಂಗೈಯಲ್ಲಿ ಉಳಿದ ಮಡ್ಡಿ ಬಿಳಿ. ಬೇವು ಅರೆದ ನೀರಿನ ಮಡ್ಡಿ ಬಿಳಿ ಇರುವುದಿಲ್ಲ. ಆದರೆ ಅದು ಕಹಿಯಾಗಿದ್ದರೆ ಯಾರು ತಾನೆ ಅನುಮಾನ ಪಡುತ್ತಾರೆ? ಇದನ್ನು ಅರೆದವನು ನಂದೀಶ್ವರಯ್ಯನಂತೆ ಒರಟಾಗಿ ಅರೆದಿರಲಿಲ್ಲ. ನುಣ್ಣಗೆ ಅರೆದಿದ್ದ.

"ಜಗದಾಂಬಮ್ಮ, ಈ ತೀರ್ಥ ಯಾರು ತರೋದು?"

"ಆ ಶಂಕರಲಿಂಗಪ್ಪ. ತೋರಣ ಕಟ್ಟಿದ ಮಾರನೇ ದಿನ ಬಂದು ಛತ್ರದಲ್ಲಿ ಇಳ್ಕಂಡವ್ನೆ. ದಿನಾ ಮಾರಮ್ಮನ ಗುಡಿಗೆ ಹೋಗಿ ಪೂಜೆ ಮಾಡ್ಸಿ ತತ್ತಾನೆ. ಅವನ್ನ ಕಂಡ್ರೆ ನಂಗಾಗಲ್ಲ. ಆದ್ರೂ ಅಮ್ಮನ ತೀರ್ಥ ಬ್ಯಾಡ ಅನ್ನಕಾಯ್ತದಾ?"

ಡಾಕ್ಟರಮ್ಮನ ಕೈ ಬಾಯಿಗೆ ಹೋಯಿತು.

"ಹೋದ ವಾರ ನನ್ನ ಹತ್ತಿರ ಬಂದಿದ್ದರು. ತೋಟದ ಆಳಿಗೆ ಎದೆ ಕಟ್ಟಿ ಜ್ವರ, ಶಿರಾದಲ್ಲಿ ಈ ಮಾತ್ರೆ ಸಿಗ್ತಿಲ್ಲ ಅಂದ್ರು. ನಾನೇ ಕೊಟ್ಟೆ ಪರ್ವತಯ್ಯನವರೇ. ನನ್ನ ಕೈಯಾರೆ ಕೊಟ್ಟೆ."

ಅಪ್ಪ ಅಮ್ಮ ಇಲ್ಲದ ಇಬ್ಬರು ಹೆಣ್ಣುಮಕ್ಕಳು. ಅವರ ತೋಟವೆಲ್ಲ ಚಿಕ್ಕಪ್ಪನ ಉಸ್ತುವಾರಿಯಲ್ಲಿ. ಇಬ್ಬರೂ ಇಲ್ಲವಾದರೆ ಅದು ಅವನದೇ. ಆದರೆ ಪತ್ತೇದಾರನನ್ನು ಕರೆಸಿದ್ದೂ ಅವನೇ! ಕೊಲ್ಲುವವನು ಯಾರಾದರೂ ಮನೆಬಾಗಿಲಿಗೆ ಪತ್ತೇದಾರನನ್ನು ತಂದು ನಿಲ್ಲಿಸುತ್ತಾನೆಯೇ? ತಪ್ಪನ್ನು ಜಗದಾಂಬನ ತಲೆಗೆ ಕಟ್ಟಬೇಕಿದ್ದರೆ ನಿಲ್ಲಿಸಬಹುದು. ಈ ಔಷಧಿ ಇವಳ ಮೈಗೆ ವಿಷವೆಂದು ಅವನಿಗೆ ಗೊತ್ತಿರಲು ಸಾಧ್ಯವೇ?

ಪರ್ವತಯ್ಯ ಬಗ್ಗಿ ಹುಡುಗಿಯ ಕಿವಿಯ ಹತ್ತಿರ ಕೇಳಿದ. "ತಾಯಿ, ಅಕ್ಕ ಆ ಮಾತು ಹೇಳಿದಾಗ ನೀನೊಬ್ಬಳೇ ಇದ್ದಾ?"

"ಚಿಕ್ಕಪ್ಪನೂ ಇದ್ರು" ಎಂದಳು ಸರೋಜಮ್ಮ. "ನಮ್ಮಿಬ್ರಿಗೂ ಹೇಳುದ್ಲು."

ಮುಂಬಾಗಿಲು ಬಡಿದ ಸದ್ದಾಯಿತು.

"ಜಗದಾಂಬಮ್ಮಾ! ತೀರ್ಥ ತಂದೀವ್ನಿ ಕಣಮ್ಮ. ಇವತ್ತು ಪೂಜೆ ತಡ ಆಯ್ತು. ಮಗೀಗೆ ನಾನೇ ನನ್ನ ಕೈಯಾರೆ ಕುಡಿಸ್ತೀನಿ."

ನಂದೀಶ್ವರಯ್ಯ ಹುಲಿಯ ಹಾಗೆ ಎದ್ದ. ಪರ್ವತಯ್ಯ ಅವನ ಬಾಯಿ ಮುಚ್ಚಿ ಗೋಡೆಗೆ ಒತ್ತಿ ಹಿಡಿದ. ಈಗ ಹಿಡಿದರೆ ಸಿಗುವುದೇನು? ಗುಡಿಯ ತೀರ್ಥ. ಶಂಕರಲಿಂಗಪ್ಪ ಎಲ್ಲರೆದುರು ಗಿಂಡಿ ಎತ್ತಿ ತಾನೇ ಕುಡಿದು ತೋರಿಸುತ್ತಾನೆ. ಅವನಿಗೇನೂ ಆಗುವುದಿಲ್ಲ. ಅಮಲ್ದಾರರು ಕೈಮುಗಿದು ಕಳಿಸುತ್ತಾರೆ. ಇದು ಔಷಧಿ, ವಿಷವಲ್ಲ. ಗೊತ್ತಿದ್ದೂ ಕೊಟ್ಟ ಎಂಬುದನ್ನು ಅವನ ಬಾಯಿಂದಲೇ ಹೊರಡಿಸಬೇಕು.

"ಕರೀರಿ ಅವ್ರನ್ನ" ಎಂದಳು ಸರೋಜಮ್ಮ.

"ಬೇಡಮ್ಮ!" ಡಾಕ್ಟರಮ್ಮ ಅವಳ ಕೈ ಹಿಡಿದಳು. "ಒಂದು ಗುಟುಕು ಹೋದರೂ..."

"ನಾನು ಸಾಯ್ತಾ ಇವ್ನಿ ಅಂತ ಗೊತ್ತಾದ್ರೆ ನನ್ನ ಹತ್ರ ನಿಜ ಆಡ್ತಾರೆ. ಸಾಯೋರ ಹತ್ರ ಸುಳ್ಳು ಹೇಳೋಕೆ ಚಿಕ್ಕಪ್ಪಂಗೆ ಭಯ. ನಂಗೊತ್ತು, ಅವ್ರ ಕೈಲೇ ಬೆಳೆದಿದ್ದೀನಿ." ಅವಳು ಕಣ್ಣು ಅಂಟಿದ ಮುಖವನ್ನು ಪರ್ವತಯ್ಯನ ಕಡೆ ತಿರುಗಿಸಿದಳು. "ನೀವು ಕೇಳಿಸ್ಕಳಿ. ನಮ್ಮಕ್ಕಂಗೂ ಕೇಳುಸ್ಲಿ."

ಪರ್ವತಯ್ಯ ಒಂದು ಗಳಿಗೆ ಹಿಂದುಮುಂದು ನೋಡಿದ. ಆಮೇಲೆ ಡಾಕ್ಟರಮ್ಮನನ್ನೂ ನಂದೀಶ್ವರಯ್ಯನನ್ನೂ ಎಳೆದುಕೊಂಡು ಪಕ್ಕದ ಕತ್ತಲ ಕೋಣೆಯೊಳಗೆ ಸರಿದ. ಗಿಂಡಿ ತುಟಿಗೆ ಬರುವ ಮೊದಲು ಹಾರಿ ಹಿಡಿಯಬೇಕು. ನಡುವೆ ಐದಾರು ಹೆಜ್ಜೆ ದೂರವಿತ್ತು. ಈ ಬಗೆಯ ಲೆಕ್ಕದಲ್ಲಿ ಅವನು ಹಿಂದೆಂದೂ ಒಂದು ಜೀವವನ್ನು ಪಣಕ್ಕಿಟ್ಟಿರಲಿಲ್ಲ.

ಜಗದಾಂಬ ಕಣ್ಣೊರೆಸಿಕೊಂಡು ಹೋಗಿ ಚಿಲಕ ತೆಗೆದಳು. ಅವಳ ದನಿ ಎಂದಿನಷ್ಟೇ ಗಡುಸಾಗಿತ್ತು.

"ಬನ್ನಿ. ನಿಮ್ ಮಗಳು ಕಾಯ್ತಾ ಅವ್ಳೆ. ಬಿಕ್ಕಳಿಕೆ ಹತ್ಕಂಡೈತೆ, ಸಂಜೆಗಂಟ ಇರಾಂಗಿಲ್ಲ."

ಶಂಕರಲಿಂಗಪ್ಪ ಒಳಗೆ ಬಂದ. ಹಣೆತುಂಬ ವಿಭೂತಿ, ಒದ್ದೆ ಪಂಚೆ, ಕೈಯಲ್ಲಿ ಇನ್ನೊಂದು ಗಿಂಡಿ. ಜಗದಾಂಬ ಹೊರಗೇ ನಿಂತಳು. ಅವನು ಹುಡುಗಿಯ ಪಕ್ಕ ಕೂತು ಸುತ್ತ ನೋಡಿದ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡ. ಅವನ ಕಣ್ಣಿನಿಂದ ನೀರು ಹನಿಯಿತು. ಅದು ನಾಟಕವಾಗಿರಲಿಲ್ಲ. ಕತ್ತಲಲ್ಲಿ ನಿಂತು ನೋಡುತ್ತಿದ್ದ ಪರ್ವತಯ್ಯನಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಆ ಕಣ್ಣೀರು.

"ಕ್ಷಮಿಸ್ಬುಡು ಮಗಳೇ" ಎಂದ ಶಂಕರಲಿಂಗಪ್ಪ ಪಿಸುದನಿಯಲ್ಲಿ. "ನಾನಾಗಿ ಮಾಡ್ತಿರೋದಲ್ಲ. ನಿನ್ನ ಉಳಿಸಿದ್ರೆ ಅವ್ರು ನನ್ನ ಉಳಿಸಕಿಲ್ಲ."

ಅವ್ರು? ಯಾರು?

ಆ ಒಂದು ಹೆಸರು ಹೊರಬೀಳುವವರೆಗೆ ಪರ್ವತಯ್ಯ ಹೆಜ್ಜೆ ಎತ್ತುವ ಹಾಗಿರಲಿಲ್ಲ. ಗಿಂಡಿ ಬಾಗತೊಡಗಿತು. ಡಾಕ್ಟರಮ್ಮನ ಉಗುರು ಅವನ ತೋಳಿಗೆ ಇಳಿಯಿತು.

"ಯಾರು ಚಿಕ್ಕಪ್ಪ?" ಎಂದು ಕೇಳಿ, ಸರೋಜಮ್ಮ ಗಿಂಡಿಯ ಕೆಳಗೆ ಬಾಯಿ ತೆರೆದಳು.